ಮೊದಲು ಅಕ್ಷರ, ಆಮೇಲೆ ವಾಕ್ಯ: ಹೈಟಿಯ ಗುಡ್ಡದ ಶಾಲೆಯಲ್ಲಿ ನಾವು ಕಲಿಸಿದ ಬಗೆ

ಕೆರಿಬಿಯನ್ ದೇಶವಾದ ಹೈಟಿಯ ಹಳ್ಳಿಶಾಲೆಯ ಹತ್ತಿರ ಬೆಳಗ್ಗೆ ಎಂಟರ ಹೊತ್ತಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ಬಾಯಿಪಾಠದ ದನಿ. ಐವತ್ತು ಮಕ್ಕಳು ಒಂದೇ ರಾಗದಲ್ಲಿ ಫ್ರೆಂಚ್ ಪಾಠದ ಸಾಲು ಒಪ್ಪಿಸುತ್ತಿರುತ್ತಾರೆ, ಒಂದಕ್ಷರ ತಪ್ಪುವುದಿಲ್ಲ. ಆ ಸಾಲಿಗೆ ಅರ್ಥವೇನು ಎಂದು ಅವರದೇ ಕ್ರೆಯೋಲ್ ಭಾಷೆಯಲ್ಲಿ ಕೇಳಿ ನೋಡಿ, ಇಡೀ ತರಗತಿ ಸುಮ್ಮನಾಗುತ್ತದೆ. ಮನೆಯಲ್ಲಿ, ಸಂತೆಯಲ್ಲಿ, ಜಗಳದಲ್ಲಿ, ಪ್ರಾರ್ಥನೆಯಲ್ಲಿ ಅವರಾಡುವುದು ಕ್ರೆಯೋಲ್. ಪುಸ್ತಕದಲ್ಲಿರುವುದು ಫ್ರೆಂಚ್. ಉತ್ತರ ಹೈಟಿಯ ಕ್ಯಾಪ್ ಹೈಟಿಯನ್ ಪಟ್ಟಣದಿಂದ ಒಳಗೆ ಗುಡ್ಡ ಹತ್ತಿ ಹೋಗಬೇಕಾದ ಒಂದು ಹಳ್ಳಿಯಲ್ಲಿ, ಕ್ರೈಸ್ತ ಸಭೆಯೇ ನಡೆಸುವ ಶಾಲೆಯಲ್ಲಿ ನಾವು ಮಾಡಿದ್ದೆಲ್ಲ ಆ ಮೌನಕ್ಕೆ ಉತ್ತರ ಹುಡುಕುವ ಕೆಲಸ. ಕರ್ನಾಟಕದ ಸಭೆಗಳಿಂದ ಇಂಥ ಸೇವೆಗೆ ಹೊರಡುವ ಮನಸ್ಸಿರುವವರಿಗೆ ಉಪಯೋಗವಾಗಲಿ ಎಂದು ಅಳತೆ, ಲೆಕ್ಕ, ಎಡವಿದ ಜಾಗ ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹೈಟಿಯಲ್ಲಿ ಹೆಚ್ಚಿನ ಶಾಲೆಗಳು ಸರ್ಕಾರದವಲ್ಲ. ಸಭೆಗಳು, ಮಿಷನ್‌ಗಳು, ಖಾಸಗಿಯವರು ನಡೆಸುವಂಥವು. ಮಕ್ಕಳ ಓದಿನ ಭಾರ ಅಷ್ಟರ ಮಟ್ಟಿಗೆ ನಮ್ಮಂಥವರ ಮೇಲೆಯೇ ಇದೆ. ಏನೂ ಕಲಿಸದೆ ಶುಲ್ಕ ಮಾತ್ರ ವಸೂಲು ಮಾಡುವ ಶಾಲೆಗಳಿಗೆ ಅಲ್ಲಿಯ ಜನ ಇಟ್ಟಿರುವ ಹೆಸರು ‘ಲೆಕೋಲ್ ಬೊಲೆಟ್’, ಅಂದರೆ ಲಾಟರಿ ಶಾಲೆ. ಹೊಡೆದರೆ ಹೊಡೆಯಿತು, ಇಲ್ಲದಿದ್ದರೆ ಇಲ್ಲ. ಬಾಗಿಲಿಗೆ ಶಿಲುಬೆ ಇದ್ದ ಮಾತ್ರಕ್ಕೆ ನಮ್ಮ ಶಾಲೆ ಆ ಹೆಸರಿನಿಂದ ತಪ್ಪಿಸಿಕೊಳ್ಳುವುದಿಲ್ಲ.

ಭಾಷೆಯ ವಿಚಾರದಲ್ಲಿ ಕಾನೂನು ನಮ್ಮ ಪರವಾಗಿಯೇ ಇದೆ. ಕ್ರೆಯೋಲ್ ಬರೆಯುವ ಕ್ರಮಕ್ಕೆ 1979ರಲ್ಲಿ ಸರ್ಕಾರದ ಮುದ್ರೆ ಬಿತ್ತು. 1982ರಲ್ಲಿ ಶಿಕ್ಷಣ ಮಂತ್ರಿ ಜೋಸೆಫ್ ಬರ್ನಾರ್ ತಂದ ಸುಧಾರಣೆ, ಮೊದಲ ವರ್ಷಗಳಲ್ಲಿ ಕ್ರೆಯೋಲ್‌ನಲ್ಲೇ ಕಲಿಸಬೇಕೆಂದಿತು. 1987ರ ಸಂವಿಧಾನ ಅದನ್ನು ಫ್ರೆಂಚ್ ಜೊತೆಗೆ ಅಧಿಕೃತ ಭಾಷೆ ಮಾಡಿತು. ಇಡೀ ಸತ್ಯವೇದ, ಅಂದರೆ ಬೈಬಲ್, ಕ್ರೆಯೋಲ್‌ನಲ್ಲಿ 1985ರಲ್ಲಿ ಬಂತು. ಅದಕ್ಕೂ ಮೊದಲು, 1940ರ ದಶಕದಲ್ಲಿ, ಮೆಥಡಿಸ್ಟ್ ಮಿಷನರಿ ಒರ್ಮಂಡ್ ಮೆಕಾನೆಲ್ ಈ ಭಾಷೆಗೊಂದು ಬರವಣಿಗೆ ಕ್ರಮ ಕಟ್ಟಿ ದೊಡ್ಡವರಿಗೆ ಓದು ಕಲಿಸಿದ್ದರು. ಭಾರತದ ಸಾಕ್ಷರತಾ ಕೆಲಸದಲ್ಲೂ ಹೆಸರು ಕೇಳಿಬರುವ ಫ್ರಾಂಕ್ ಲಾಬಾಕ್ ಅದರಲ್ಲಿ ಅವರ ಜೊತೆಗಿದ್ದರು. ಇಷ್ಟಾದರೂ ಅನೇಕ ಮಿಷನ್ ಶಾಲೆಗಳು ಫ್ರೆಂಚ್ ಬಾಯಿಪಾಠವನ್ನು ಬಿಟ್ಟಿಲ್ಲ. ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮೊದಲು ಇಲ್ಲಿಯ ಭಾಷೆ ಕಲಿತರು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ತಂದರು, ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಹೊರಬಂತು. ನಮ್ಮ ಅಜ್ಜ ಅಜ್ಜಿಯರಿಗೆ ಸಿಕ್ಕ ಆ ಮರ್ಯಾದೆ ಹೈಟಿಯ ಮಗುವಿಗೂ ಸಿಗಬೇಕಲ್ಲವೇ?

ಹೆತ್ತವರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ‘ಕ್ರೆಯೋಲ್ ನಮಗೆ ಬರುತ್ತದೆ, ಫ್ರೆಂಚ್ ಕಲಿಸಲಿ ಅಂತ ದುಡ್ಡು ಕೊಡುತ್ತೇವೆ’ ಎನ್ನುತ್ತಾರೆ. ಆ ಮಾತಿನಲ್ಲಿ ನ್ಯಾಯವಿದೆ. ಕಚೇರಿ, ಕೋರ್ಟು, ಪರೀಕ್ಷೆ, ನೌಕರಿ ಎಲ್ಲ ಕಡೆಯೂ ಫ್ರೆಂಚ್ ನಡೆಯುವಾಗ ಅವರು ಬೇರೇನು ಕೇಳಿಯಾರು? ಹಾಗಾಗಿ ನಾವು ಫ್ರೆಂಚ್ ತೆಗೆದುಹಾಕಲಿಲ್ಲ, ಮುಂದಕ್ಕೆ ಹಾಕಿದೆವು. ಒಂದು, ಎರಡನೇ ತರಗತಿಯಲ್ಲಿ ಓದು ಬರಹ ಪೂರ್ತಿ ಕ್ರೆಯೋಲ್‌ನಲ್ಲಿ. ಫ್ರೆಂಚ್ ದಿನಕ್ಕೆ ಅರ್ಧ ಗಂಟೆ, ಮಾತು ಮತ್ತು ಹಾಡಿನ ರೂಪದಲ್ಲಿ ಮಾತ್ರ. ಫ್ರೆಂಚ್ ಪುಸ್ತಕ ಬಿಚ್ಚುವುದು ಮೂರನೇ ತರಗತಿಯಲ್ಲಿ. ವರ್ಷದ ನಡುವೆ ಹೆತ್ತವರ ಸಭೆ ಕರೆದು, ಅವರವರ ಮಗುವಿನ ಕೈಗೇ ಹೊಸ ಹಾಳೆ ಕೊಟ್ಟು ಓದಿಸುತ್ತೇವೆ. ಹಿಂದೆ ಕಾಣದ ಹಾಳೆಯಾಗಿರಬೇಕು, ಇಲ್ಲದಿದ್ದರೆ ಅದೂ ಬಾಯಿಪಾಠ ಎಂದುಕೊಳ್ಳುತ್ತಾರೆ. ಊರಿನ ಸುದ್ದಿ, ಸಂತೆಯ ಬೆಲೆ, ಬಂಧುಗಳ ಕಾಗದ, ಏನಾದರೂ ಆದೀತು. ಅರ್ಥವಾದ ಕಡೆ ಮಗು ನಗುತ್ತದೆ. ಆ ನಗು ಕಂಡ ಮೇಲೆ ಹೆತ್ತವರ ತಕರಾರು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕ್ರೆಯೋಲ್‌ನ ಬರವಣಿಗೆ ನಮ್ಮ ಕನ್ನಡದ ಹಾಗೆ, ನುಡಿದಂತೆ ಬರೆಯುವುದು. ಒಂದು ಧ್ವನಿಗೆ ಒಂದು ಗುರುತು. ಫ್ರೆಂಚ್‌ನಲ್ಲಿ ಮೂರು ಸ್ವರ ಸೇರಿಸಿ ‘ಒ’ ಎಂದು ಉಚ್ಚರಿಸುವ ನೀರು, ಇಲ್ಲಿ ಹೇಳಿದಷ್ಟೇ ಅಕ್ಷರದಲ್ಲಿ ‘ದ್ಲೊ’. ಒಟ್ಟು 32 ಗುರುತು. ಮೊದಲ ಆರು ವಾರ ನಾವು ಕಲಿಸುವುದು ಏಳನ್ನೇ: ಅ, ಇ, ಒ, ಮ, ಲ, ಪ, ತ ಧ್ವನಿಗಳವು. ಅಷ್ಟರಲ್ಲೇ ‘ಪಾಪಾ’, ‘ತೊಮಾತ್’, ಸುತ್ತಿಗೆ ಎಂಬ ಅರ್ಥದ ‘ಮಾತೊ’ ಹುಟ್ಟಿಬಿಡುತ್ತವೆ. ಮಗು ಎರಡನೇ ವಾರಕ್ಕೇ ನಿಜವಾದ ಪದ ಓದುತ್ತದೆ, ಅದರ ಮುಖದಲ್ಲಿ ಬರುವ ಕಳೆಯೇ ಬೇರೆ. ವರ್ಣಮಾಲೆಯನ್ನು ಮೊದಲಿಂದ ಕೊನೆಯವರೆಗೆ ಹಾಡಿಸಿ ಆಮೇಲೆ ಪದಕ್ಕೆ ಬರುವ ಹಳೇ ಪದ್ಧತಿಯಲ್ಲಿ ಅದಕ್ಕೆ ಆರು ತಿಂಗಳು ಹಿಡಿಯುತ್ತದೆ, ಅಷ್ಟರೊಳಗೆ ಅರ್ಧ ಮಕ್ಕಳು ಆಸೆ ಬಿಟ್ಟಿರುತ್ತಾರೆ.

ಎಲ್ಲರೂ ತಡವರಿಸುವುದು ಮೂಗಿನ ಸ್ವರಗಳಲ್ಲಿ. ನಾಯಿಗೆ ‘ಶೆಂ’, ಸರಪಳಿಗೆ ‘ಶೆನ್’. ಬರೆಯುವಾಗ ಎರಡಕ್ಕೂ ಅವೇ ನಾಲ್ಕು ಅಕ್ಷರ, ಸ್ವರದ ತಲೆಯ ಮೇಲೊಂದು ಓರೆಗೀಟು ಇದ್ದರೆ ಸರಪಳಿ, ಇಲ್ಲದಿದ್ದರೆ ನಾಯಿ. ಶಿಕ್ಷಕರೇ ಆ ಗೀಟನ್ನು ನಿರ್ಲಕ್ಷ್ಯ ಮಾಡಿ ಬರೆಯುತ್ತಾರೆ, ಏಕೆಂದರೆ ಅವರೂ ಶಾಲೆಯಲ್ಲಿ ಕ್ರೆಯೋಲ್ ಬರೆದವರಲ್ಲ. ನಾವು ಮಕ್ಕಳಿಗೆ ಹೇಳಿಕೊಟ್ಟ ಉಪಾಯ ಇಷ್ಟೇ: ಪದ ಹೇಳಿ ಮುಗಿಸಿದಾಗ ನಾಲಿಗೆಯ ತುದಿ ಹಲ್ಲಿನ ಹಿಂದೆ ತಾಗಿತೋ ಇಲ್ಲವೋ ನೋಡು. ತಾಗಿದರೆ ಗೀಟು ಹಾಕು. ಕನ್ನಡದ ಸೊನ್ನೆ ಬಲ್ಲ ನಮಗೆ ಈ ಭೇದ ಬೇಗ ಹಿಡಿಸುತ್ತದೆ, ಹೊರಗಿನಿಂದ ಬಂದ ಇಂಗ್ಲಿಷಿನವರು ಬಹಳ ಒದ್ದಾಡುತ್ತಾರೆ.

ಸ್ಲೇಟು ಅಂಗಡಿಯಲ್ಲಿ ಕೊಳ್ಳಬೇಡಿ. ತೆಳು ಪ್ಲೈವುಡ್ ಹಾಳೆಯನ್ನು 25 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಉದ್ದಕ್ಕೆ ಕೊಯ್ಸಿ, ಅಂಚು ಉಜ್ಜಿ, ಕರಿಹಲಗೆ ಬಣ್ಣ ಎರಡು ಸಲ ಬಳಿಯಿರಿ. ಒಂದು ಲೀಟರ್ ಬಣ್ಣಕ್ಕೆ ಸುಮಾರು 50 ಹಲಗೆ ಆಗುತ್ತವೆ. ಮೊದಲ ಬಳಿತ ರಾತ್ರಿಯೆಲ್ಲ ಒಣಗಬೇಕು. ಅವಸರ ಮಾಡಿದರೆ ಎರಡನೆಯದು ಸುಲಿದು ಬರುತ್ತದೆ. ಬಳಸುವ ಮೊದಲು ಹಲಗೆಯ ಮೇಲೆಲ್ಲ ಬಳಪವನ್ನು ಅಡ್ಡ ಹಿಡಿದು ಉಜ್ಜಿ ಒರೆಸಿಬಿಡಿ. ಹಾಗೆ ಮಾಡದಿದ್ದರೆ ಮೊದಲು ಬರೆದ ಅಕ್ಷರದ ನೆರಳು ಕೊನೆವರೆಗೂ ಹಲಗೆಯಲ್ಲೇ ಉಳಿಯುತ್ತದೆ.

ಯಾರಿಗೆ ಎಷ್ಟು ಬರುತ್ತದೆ ಎಂದು ತಿಳಿಯಲು ಭಾರತದಲ್ಲಿ 2005ರಿಂದ ಪ್ರಥಮ್ ಸಂಸ್ಥೆಯವರು ‘ಅಸರ್’ ಸಮೀಕ್ಷೆಯಲ್ಲಿ ಬಳಸುವ ಕ್ರಮವನ್ನೇ ಕ್ರೆಯೋಲ್‌ಗೆ ಇಳಿಸಿಕೊಂಡೆವು. ಒಂದೇ ಹಾಳೆಯಲ್ಲಿ ಅಕ್ಷರ, ಪದ, ನಾಲ್ಕು ಸಾಲಿನ ಪಾಠ, ಹತ್ತು ಸಾಲಿನ ಕಥೆ. ಮಗುವನ್ನು ಒಬ್ಬೊಬ್ಬರಾಗಿ ಮರದಡಿ ಕೂರಿಸಿ ಓದಿಸಬೇಕು. ತಲೆಗೆ ಐದು ನಿಮಿಷ. ನೂರು ಮಕ್ಕಳೆಂದರೆ ಎಂಟು ಗಂಟೆಗೂ ಮೇಲೆ, ಹಾಗಾಗಿ ಇಬ್ಬರು ಶಿಕ್ಷಕರಿಗೆ ಒಂದು ವಾರ ಬಿಡುವು ಮಾಡಿಕೊಡಬೇಕು. ಸೆಪ್ಟೆಂಬರ್, ಜನವರಿ, ಮೇ, ವರ್ಷಕ್ಕೆ ಮೂರು ಸಲ. ಆಮೇಲೆ ದಿನದಲ್ಲಿ ಒಂದು ಗಂಟೆ ತರಗತಿಯ ಗೋಡೆ ಮರೆತು, ಬರುವಷ್ಟರ ಮೇಲೆ ಗುಂಪು ಮಾಡುತ್ತೇವೆ. ಇಲ್ಲಿ ನಾವು ಮಾಡಿದ ದೊಡ್ಡ ತಪ್ಪನ್ನು ನೀವು ಮಾಡಬೇಡಿ. ಹೈಟಿಯಲ್ಲಿ ತಡವಾಗಿ ಶಾಲೆಗೆ ಸೇರಿದ ಮಕ್ಕಳು ಬಹಳ. ಅಕ್ಷರ ಬಾರದ ಹದಿಮೂರರ ಹುಡುಗನನ್ನು ಆರರ ಮಕ್ಕಳ ಸಾಲಿನಲ್ಲಿ ಕೂರಿಸಿದರೆ ವಾರದೊಳಗೆ ಅವನು ಶಾಲೆಗೆ ಬರುವುದನ್ನೇ ಬಿಡುತ್ತಾನೆ. ದೊಡ್ಡವರಿಗೆ ಪ್ರತ್ಯೇಕ ಗುಂಪು ಬೇಕು, ಪಾಠವೂ ಸಂತೆಯ ಲೆಕ್ಕ, ಬಸ್ಸಿನ ಮೇಲೆ ಬರೆದ ಮಾತು, ಔಷಧದ ಚೀಟಿ, ಇಂಥವೇ ಇರಬೇಕು. ಎರಡನೇ ತರಗತಿ ಮುಗಿಯುವಾಗ ನಿಮಿಷಕ್ಕೆ 45 ಪದವಾದರೂ ಓದುವಂತಾಗಬೇಕು. ಅದಕ್ಕಿಂತ ನಿಧಾನವಾದರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಮರೆತುಹೋಗುತ್ತದೆ.

ಹೊಡೆತದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 2001ರ ಕಾನೂನು ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿದೆ. ಆದರೂ ಬಾರುಕೋಲು ಇನ್ನೂ ಅನೇಕ ಮೇಜುಗಳ ಮೇಲಿದೆ. ನೇಮಕದ ಪತ್ರದಲ್ಲೇ ಇದನ್ನು ಬರೆಸಿ, ಮೊದಲ ಸಲಕ್ಕೆ ಎಚ್ಚರಿಕೆ, ಎರಡನೆಯದಕ್ಕೆ ಕೆಲಸದಿಂದ ಬಿಡುಗಡೆ. ಬರೀ ಉಪದೇಶದಿಂದ ಇದು ನಿಲ್ಲುವುದಿಲ್ಲ.

ಇನ್ನು ವಾಕ್ಯ, ಅಂದರೆ ದೇವರ ವಾಕ್ಯ, ಕಲಿಸುವ ವಿಚಾರ. ಓದು ಕಲಿಸುವುದು ಒಂದು ಕೆಲಸ, ಶಿಷ್ಯತ್ವ ಇನ್ನೊಂದು ಎಂದು ನಾವು ಎಣಿಸಲಿಲ್ಲ. ಪಾಸ್ಟರ್ ಹೇಳಿದ್ದನ್ನು ನಂಬುವ ಮಗು ಪಾಸ್ಟರ್ ಊರು ಬಿಟ್ಟ ದಿನ ಒಂಟಿಯಾಗುತ್ತದೆ. ತಾನೇ ಸುವಾರ್ತೆ ಬಿಚ್ಚಿ ಓದಬಲ್ಲ ಮಗುವಿಗೆ ಆ ಕಷ್ಟವಿಲ್ಲ.

23ನೇ ಕೀರ್ತನೆಯನ್ನು ಹೇಗೆ ಕಲಿಸಿದೆವೆಂದು ಹೇಳಿದರೆ ಉಳಿದದ್ದೂ ತಿಳಿಯುತ್ತದೆ. ಫ್ರೆಂಚ್‌ನಲ್ಲಿ ಕುರುಬನಿಗೆ ‘ಬೆರ್ಜೆ’. ಆ ಪದ ಗುಡ್ಡದ ಮಗುವಿಗೆ ಬರೀ ಸದ್ದು. ಕ್ರೆಯೋಲ್ ಸತ್ಯವೇದದಲ್ಲಿ ಅದು ‘ಗಾದೊ’, ಕಾಯುವವನು. ಇದು ಮಗುವಿಗೆ ಗೊತ್ತು. ಆದರೆ ಆ ಊರಲ್ಲಿ ಮಂದೆ ಅಟ್ಟಿಕೊಂಡು ಹೋಗುವವರಿಲ್ಲ. ಆಡನ್ನು ಹಗ್ಗದಿಂದ ಗೂಟಕ್ಕೆ ಕಟ್ಟುತ್ತಾರೆ, ಹುಲ್ಲು ಮುಗಿದಾಗ ಮಕ್ಕಳು ಗೂಟ ಕಿತ್ತು ಬೇರೆ ಕಡೆ ಹೊಡೆಯುತ್ತಾರೆ. ಇನ್ನೊಬ್ಬರ ಆಡನ್ನು ಪಾಲಿಗೆ ಸಾಕಿ ಮರಿಯಲ್ಲಿ ಭಾಗ ತೆಗೆದುಕೊಳ್ಳುವ ಪದ್ಧತಿಯೂ ಉಂಟು, ಅದಕ್ಕೆ ‘ಗಾದಿನಾಜ್’ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಕುರಿ, ದನ ಪಾಲಿಗೆ ಕೊಡುವುದಿಲ್ಲವೇ, ಥೇಟ್ ಹಾಗೆಯೇ. ಹಾಗಾಗಿ ಪಾಠ ಶುರುವಾಗುವುದು ಪ್ರಶ್ನೆಯಿಂದ: ನಿಮ್ಮ ಮನೆಯ ಆಡಿಗೆ ಗೂಟ ಬದಲಿಸುವವರು ಯಾರು? ಮರೆತರೆ ಏನಾಗುತ್ತದೆ? ಹಗ್ಗ ಕುತ್ತಿಗೆಗೆ ಸುತ್ತಿಕೊಂಡ ಆಡನ್ನು ಎಲ್ಲರೂ ಕಂಡಿದ್ದಾರೆ. ಆಮೇಲೆ ಹಗ್ಗವೇ ಇಲ್ಲದೆ, ಹಿಂದೆ ಮುಂದೆ ನಡೆದುಕೊಂಡೇ ನೂರು ಕುರಿ ಕಾಯುವವನ ಚಿತ್ರ ಬರೆಯುತ್ತೇವೆ. ಇವನು ಪಾಲಿಗೆ ಕಾಯುವವನೋ, ತನ್ನವೆಂದು ಕಾಯುವವನೋ ಎಂದು ಕೇಳುತ್ತೇವೆ. ಉತ್ತರವನ್ನು ಅವರೇ ವಾಕ್ಯದಲ್ಲಿ ಹುಡುಕಬೇಕು. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂದು ಕನ್ನಡದಲ್ಲಿ ಕಲಿತ ನಮಗೆ, ಕುರುಬರ ನಾಡಿನಲ್ಲಿ ಹುಟ್ಟಿ, ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿ ಆ ಕೆಲಸ ನಮ್ಮದು.

ಕಥೆ ಹೇಳುವ ಕ್ರಮವನ್ನು ಅವರಿಂದಲೇ ತೆಗೆದುಕೊಂಡೆವು. ಹೈಟಿಯಲ್ಲಿ ಕಥೆ ಹೇಳುವವರು ‘ಕ್ರಿಕ್?’ ಎಂದು ಕೇಳುತ್ತಾರೆ, ಕೇಳುವವರೆಲ್ಲ ‘ಕ್ರಾಕ್!’ ಎಂದು ಕೂಗಬೇಕು. ಆ ಕೂಗು ಜೋರಾಗಿ ಬಾರದೆ ಕಥೆ ಹೊರಡುವುದಿಲ್ಲ. ಸಂಡೇಸ್ಕೂಲಿನಲ್ಲಿ ಒಂದು ಕಥೆಗೆ ಒಂದು ವಾರವಲ್ಲ, ಮೂರು ವಾರ. ಮೊದಲ ವಾರ ಬಾಯಲ್ಲಿ ಹೇಳುವುದು, ಮಕ್ಕಳು ತಿರುಗಿ ಹೇಳುವುದು, ಬಿಟ್ಟುಹೋದದ್ದನ್ನು ಇನ್ನೊಬ್ಬರು ಸೇರಿಸುವುದು. ಎರಡನೇ ವಾರ ಆಡಿ ತೋರಿಸುವುದು. ಮೂರನೇ ವಾರ ಓದು: ಸತ್ಯವೇದದ ಆ ಭಾಗದಿಂದ ಹತ್ತು ಹನ್ನೆರಡು ವಚನ ದೊಡ್ಡಕ್ಷರದಲ್ಲಿ ಬರೆದ ಹಾಳೆ ಅವರ ಕೈಗೆ, ಕೊನೆಯಲ್ಲಿ ಮೂರೇ ಪ್ರಶ್ನೆ. ಇದರಲ್ಲಿ ದೇವರು ಎಂಥವನು? ಜನರು ಎಂಥವರು? ಈ ವಾರ ನಾನೇನು ಮಾಡಲಿ? ಮೂರನೆಯದಕ್ಕೆ ‘ಪ್ರಾರ್ಥನೆ ಮಾಡುತ್ತೇನೆ’ ಎಂಬ ಉತ್ತರ ಸಾಲದು, ಕೈಯಲ್ಲಿ ಮಾಡುವಂಥದ್ದು ಬೇಕು. ಅಜ್ಜಿಗೆ ನೀರು ತರುವುದು, ತೆಗೆದುಕೊಂಡ ಪೆನ್ಸಿಲ್ ಮರಳಿಸುವುದು, ಇಂಥದ್ದು. ಮುಂದಿನ ವಾರ ಅದನ್ನು ಕೇಳದೆ ಬಿಡಬಾರದು. ಕೇಳುವುದನ್ನು ಒಂದು ಸಲ ಮರೆತರೂ ಮಕ್ಕಳು ಅದನ್ನು ಆಟವೆಂದು ತಿಳಿಯುತ್ತಾರೆ.

ಕೈ ಎತ್ತಿಸಿ ‘ಎಷ್ಟು ಮಕ್ಕಳು ಯೇಸುವನ್ನು ಸ್ವೀಕರಿಸಿದರು’ ಎಂದು ಎಣಿಸುವುದನ್ನು ನಾವು ನಿಲ್ಲಿಸಿದೆವು. ಎಂಟು ವರ್ಷದ ಮಗು ದೊಡ್ಡವರಿಗೆ ಸಂತೋಷವಾಗಲೆಂದು ಕೈ ಎತ್ತುತ್ತದೆ, ಮುಂದಿನ ತಂಡ ಬಂದಾಗ ಮತ್ತೆ ಎತ್ತುತ್ತದೆ. ಅನ್ನದ ಸಾಲಿಗೂ ಪ್ರಾರ್ಥನೆಯ ಸಾಲಿಗೂ ಗಂಟು ಹಾಕಲೇಬಾರದು. ಭಾನುವಾರ ಬಾರದ ಮಗುವಿಗೂ ಸೋಮವಾರ ಅದೇ ತಟ್ಟೆ, ಅದೇ ಅಳತೆ. ತಟ್ಟೆ ತೋರಿಸಿ ಹುಟ್ಟಿಸಿದ ನಂಬಿಕೆ ತಟ್ಟೆಯ ಜೊತೆಗೇ ಹೋಗುತ್ತದೆ, ಮೇಲಾಗಿ ಅದು ಸುವಾರ್ತೆಗೆ ಮಾಡುವ ಅವಮಾನ.

ಅನೇಕ ಮಕ್ಕಳ ಮನೆಯಲ್ಲಿ ವೊಡು ಪದ್ಧತಿ ನಡೆಯುತ್ತದೆ. ಅಜ್ಜಿ ಲ್ವಾಗಳಿಗೆ, ಅಂದರೆ ವೊಡುವಿನ ಆತ್ಮಗಳಿಗೆ, ನಡೆದುಕೊಳ್ಳುವವಳಾಗಿರಬಹುದು, ಆ ಅಜ್ಜಿಯೇ ಮಗುವಿನ ಶುಲ್ಕ ಕಟ್ಟುವವಳೂ ಆಗಿರಬಹುದು. ಮಗುವಿನ ಮುಂದೆ ಅಜ್ಜಿಯನ್ನು ಹೀಗಳೆಯಬಾರದು, ನಾವು ನಂಬಿದ್ದನ್ನು ಮುಚ್ಚಿಡಲೂಬಾರದು. ಹೈಟಿಯ ಬಡತನ ಶಾಪದ ಫಲ ಎಂದು ಹೊರಗಿನ ಬೋಧಕರು ಕೆಲವರು ಮಕ್ಕಳ ಮುಂದೆಯೇ ಹೇಳುವುದುಂಟು. ಅದನ್ನು ನಾವು ತಡೆಯುತ್ತೇವೆ. 1804ರಲ್ಲಿ ಗುಲಾಮರೇ ಗೆದ್ದು ಕಟ್ಟಿದ ದೇಶ ಇದು. 1825ರಲ್ಲಿ ಫ್ರಾನ್ಸ್ ತೋಪಿನ ಹಡಗು ತಂದು ನಿಲ್ಲಿಸಿ, ಕಳೆದುಕೊಂಡ ತೋಟ ಮತ್ತು ಗುಲಾಮರ ಬೆಲೆಯೆಂದು 15 ಕೋಟಿ ಫ್ರಾಂಕ್ ಕೇಳಿತು. ಇಸ್ರಾಯೇಲ್ಯರು ಐಗುಪ್ತದಿಂದ ಹೊರಟ ಕಥೆ ಹೇಳುವಾಗ ಇದನ್ನು ಸೇರಿಸಿ ಹೇಳಿದರೆ ಮಕ್ಕಳಿಗೆ ಎರಡೂ ಚೆನ್ನಾಗಿ ಅರ್ಥವಾಗುತ್ತವೆ.

ಊಟಕ್ಕೆ ಬರೋಣ. ಮಕ್ಕಳು ಒಂದೆರಡು ಗಂಟೆ ನಡೆದು, ಬರಿಹೊಟ್ಟೆಯಲ್ಲಿ ಬರುತ್ತಾರೆ. ಮೊದಲು ನಾವು ಶಾಲೆ ಬಿಡುವ ಹೊತ್ತಿಗೆ, ಒಂದು ಗಂಟೆಗೆ ಬಡಿಸುತ್ತಿದ್ದೆವು. ಹಾಜರಿ ಚೆನ್ನಾಗಿತ್ತು, ಕಲಿಕೆ ಇರಲಿಲ್ಲ. ಹತ್ತು ಗಂಟೆಗೆ ಬದಲಿಸಿ, ಊಟವಾದ ಕೂಡಲೇ ಓದಿನ ಗುಂಪು ಇಟ್ಟ ಮೇಲೆ ಹಾಳೆಯ ಮೇಲೆ ಕಣ್ಣು ನಿಲ್ಲತೊಡಗಿತು. ತಲೆಗೆ ಅಕ್ಕಿ 120 ಗ್ರಾಂ, ಕಾಳು 30 ಗ್ರಾಂ, ಎಣ್ಣೆ 10 ಗ್ರಾಂ, ಅಯೋಡಿನ್ ಉಪ್ಪು 3 ಗ್ರಾಂ. ನೂರು ಮಕ್ಕಳಿಗೆ 12 ಕಿಲೋ ಅಕ್ಕಿ, 3 ಕಿಲೋ ಕಾಳು. ಅಲ್ಲಿಯ ಸಂತೆಯಲ್ಲಿ ಅಳೆಯುವುದು ‘ಮಾಮಿಟ್’ ಎಂಬ ಡಬ್ಬಿಯಲ್ಲಿ, ನಮ್ಮ ಸೇರಿನ ಹಾಗೆ. ಒಂದು ಮಾಮಿಟ್ ಅಕ್ಕಿ ಸುಮಾರು 2.7 ಕಿಲೋ, ಅಂದರೆ ದಿನಕ್ಕೆ ನಾಲ್ಕೂವರೆ ಮಾಮಿಟ್. ತುಂಬಿ ತುಳುಕುವಂತೆ ಅಳೆದರೋ, ಕೈಯಿಂದ ಸವರಿದರೋ, ಡಬ್ಬಿಯ ತಳ ಒಳಗೆ ಬಡಿದಿದೆಯೋ ನೋಡಿಕೊಳ್ಳಿ, ಇಲ್ಲವೇ ತಕ್ಕಡಿ ಒಯ್ಯಿರಿ. ಹಳೇ ಕಾಳು ಬೇಯುವುದಿಲ್ಲ, ಇದ್ದಿಲು ಮಾತ್ರ ಎರಡರಷ್ಟು ತಿನ್ನುತ್ತದೆ. ಹಿಂದಿನ ರಾತ್ರಿಯೇ ನೆನೆಹಾಕಬೇಕು. ಅಕ್ಕಿ ಮೂಟೆಗಳು ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇರಲಿ. ಉಗ್ರಾಣಕ್ಕೆ ಎರಡು ಬೀಗ, ಒಂದು ಕೀಲಿ ಅಡುಗೆಯವರಲ್ಲಿ, ಇನ್ನೊಂದು ಹೆತ್ತವರ ಪ್ರತಿನಿಧಿಯಲ್ಲಿ.

ಹೊರದೇಶದಿಂದ ಪುಕ್ಕಟೆ ಅಕ್ಕಿ ಬಂದರೂ ಆದಷ್ಟು ಅಲ್ಲಿಯ ಜೋಳದ ನುಚ್ಚು, ಕಾಳು, ಗೆಣಸು ಕೊಳ್ಳಿ ಎನ್ನುತ್ತೇನೆ. 1990ರ ದಶಕದ ಮಧ್ಯದಲ್ಲಿ ಅಕ್ಕಿಯ ಆಮದು ಸುಂಕ ಶೇ. 3ಕ್ಕೆ ಇಳಿದ ಮೇಲೆ ಅಮೆರಿಕದ ಅಗ್ಗದ ಅಕ್ಕಿ ಹೈಟಿಯ ರೈತನನ್ನು ನೆಲ ಕಚ್ಚಿಸಿತು. ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅವರೇ 2010ರಲ್ಲಿ ಅದು ತಪ್ಪಾಯಿತು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ನಮ್ಮ ಶಾಲೆಯ ಮಕ್ಕಳ ಅಪ್ಪಂದಿರು ಬೆಳೆದದ್ದನ್ನು ನಾವೇ ಕೊಂಡರೆ ಆ ದುಡ್ಡು ಶುಲ್ಕವಾಗಿ ಮರಳಿ ಬರುತ್ತದೆ.

ನೀರಿನ ವಿಚಾರದಲ್ಲಿ ಸಡಿಲ ಬಿಡಬೇಡಿ. ಅಕ್ಟೋಬರ್ 2010ರಲ್ಲಿ ಬಂದ ಕಾಲರಾ, ಹೋಯಿತೆಂದುಕೊಂಡ ಮೇಲೆ ಅಕ್ಟೋಬರ್ 2022ರಲ್ಲಿ ಮತ್ತೆ ಬಂತು. ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹಿಡಿಯುವ ಬಕೆಟ್ ತಿಳಿನೀರಿಗೆ ಶೇ. 5ರ ಬ್ಲೀಚ್ ದ್ರಾವಣ 40 ಹನಿ, ಅಂದರೆ 2 ಮಿಲಿಲೀಟರ್. ಕಲಕಿ 30 ನಿಮಿಷ ಮುಚ್ಚಿಡಬೇಕು. ಕದಡಿದ ನೀರಾದರೆ ಬಟ್ಟೆಯಲ್ಲಿ ಸೋಸಿ ಹನಿ ಎರಡರಷ್ಟು ಮಾಡಿ. ಪರಿಮಳ ಹಾಕಿದ ಬ್ಲೀಚ್ ಬೇಡ. ಬಿಸಿಲಿನಲ್ಲಿ ಅದರ ಸತ್ವ ಇಳಿಯುತ್ತದೆ, ಆದ್ದರಿಂದ ಚಿಕ್ಕ ಬಾಟಲಿಯೇ ಕೊಂಡು ತೆರೆದ ದಿನ ಅದರ ಮೇಲೆ ಬರೆಯಿರಿ. ಬಕೆಟ್ಟಿಗೆ ನಲ್ಲಿ ಇರಲೇಬೇಕು. ಲೋಟ ಅದ್ದಿದರೆ ಮಾಡಿದ್ದೆಲ್ಲ ವ್ಯರ್ಥ. ಭೇದಿ ಕಂಡರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ಅಳತೆಯನ್ನು ನಾವು ಎರಡನೇ ತರಗತಿಯ ಓದಿನ ಪಾಠವನ್ನಾಗಿಯೇ ಮಾಡಿದೆವು.

ಹಣದಲ್ಲಿ ಹೊಸಬರೆಲ್ಲ ಎಡವುವ ಕಲ್ಲೊಂದಿದೆ. ಹೈಟಿಯ ನಾಣ್ಯ ಗುರ್ಡ್. ಆದರೆ ಜನ ಬೆಲೆ ಹೇಳುವುದು ‘ಹೈಟಿ ಡಾಲರ್’ ಲೆಕ್ಕದಲ್ಲಿ. ಅಂಥ ನೋಟೇ ಇಲ್ಲ, ಐದು ಗುರ್ಡ್‌ಗೆ ಒಂದು ಡಾಲರ್ ಎಂಬುದು ಬಾಯಿಲೆಕ್ಕ. ಬಡಗಿ ‘200 ಡಾಲರ್’ ಎಂದರೆ 1000 ಗುರ್ಡ್. ರಸೀದಿಯಲ್ಲಿ ಯಾವಾಗಲೂ ಗುರ್ಡ್ ಎಂದೇ ಬರೆಸಿ, ಇಲ್ಲದಿದ್ದರೆ ವರ್ಷದ ಕೊನೆಗೆ ಲೆಕ್ಕ ಕೂಡುವುದಿಲ್ಲ, ಪ್ರಾಮಾಣಿಕರ ಮೇಲೆ ಅನುಮಾನ ಬೀಳುತ್ತದೆ. ಶುಲ್ಕವನ್ನು ಪೂರ್ತಿ ಮನ್ನಾ ಮಾಡಬೇಡಿ, ಚಿಕ್ಕದಾಗಿ ಇಡಿ. ತಾಯಂದಿರು ಹತ್ತು ಹನ್ನೆರಡು ಮಂದಿ ಸೇರಿ ‘ಸೋಲ್’ ಹಾಕುತ್ತಾರೆ, ನಮ್ಮ ಚೀಟಿಯೇ ಅದು. ಸೆಪ್ಟೆಂಬರ್‌ನಲ್ಲಿ ಚೀಟಿ ಎತ್ತಿದವರು ಒಮ್ಮೆಗೇ ಕಟ್ಟುತ್ತಾರೆ, ಉಳಿದವರು ತಮ್ಮ ಸರದಿ ಬಂದಾಗ. ಶಾಲೆಯ ಶುಲ್ಕದ ತಾರೀಖನ್ನು ಸೋಲ್‌ನ ಸರದಿಗೆ ಹೊಂದಿಸಿದ ಮೇಲೆ ಬಾಕಿಗಾಗಿ ಮಗುವನ್ನು ಮನೆಗೆ ಕಳಿಸುವ ಪ್ರಸಂಗವೇ ತಪ್ಪಿತು. ಶಿಕ್ಷಕರ ಮೂರು ತಿಂಗಳ ಸಂಬಳ ಕೈಯಲ್ಲಿಲ್ಲದೆ ಹೊಸ ತರಗತಿ ತೆರೆಯಬೇಡಿ. ದೇಣಿಗೆ ತಡವಾದರೆ ಸಂಬಳ ತಡವಾಗುತ್ತದೆ, ಶಿಕ್ಷಕರು ಹೊಲಕ್ಕೆ ಹೋಗುತ್ತಾರೆ. ಅವರ ಮನೆಯಲ್ಲೂ ಒಲೆ ಉರಿಯಬೇಕಲ್ಲ.

ಜನನ ಪತ್ರವನ್ನು ಮೊದಲ ವರ್ಷವೇ ಮಾಡಿಸಿಡಿ. ಸರ್ಕಾರಿ ಪರೀಕ್ಷೆಗೆ ಕೂರುವಾಗ ಹುಡುಕಾಡಿದರೆ ಸಿಗುವುದಿಲ್ಲ.

‘ರೆಸ್ತಾವೆಕ್’ ಮಕ್ಕಳ ಬಗ್ಗೆ ಬರೆಯುವಾಗ ಕೈ ಭಾರವಾಗುತ್ತದೆ. ಬಡ ಹಳ್ಳಿಯ ಹೆತ್ತವರು ‘ಓದಿಸುತ್ತಾರೆ’ ಎಂಬ ಮಾತು ನಂಬಿ ಮಗುವನ್ನು ಪಟ್ಟಣದವರ ಮನೆಗೋ, ಸ್ವಲ್ಪ ಉಳ್ಳವರ ಮನೆಗೋ ಬಿಡುತ್ತಾರೆ. ಮಗು ಅಲ್ಲಿ ನೀರು ಹೊತ್ತು, ಪಾತ್ರೆ ತಿಕ್ಕಿ, ಮನೆಯ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಆಳಾಗುತ್ತದೆ. ಗುರುತಿಸುವುದು ಹೀಗೆ: ಯಾವಾಗಲೂ ತಡ, ಮೈಗೆ ಹೊಗೆಯ ವಾಸನೆ, ಹೆತ್ತವರ ಸಭೆಗೆ ಯಾರೂ ಬಾರರು, ಊಟದಲ್ಲಿ ತಟ್ಟೆ ಬಿಡದೆ ಗೋಡೆಗೊರಗಿ ನಿಂತೇ ತಿನ್ನುವುದು. ಇಂಥವರಿಗೆಂದು ಮಧ್ಯಾಹ್ನ ಎರಡರಿಂದ ಐದರ ತನಕ ಬೇರೆ ತರಗತಿ ಇಟ್ಟೆವು, ಏಕೆಂದರೆ ಬೆಳಗಿನ ಕೆಲಸದಿಂದ ಅವರಿಗೆ ಬಿಡುಗಡೆಯಿಲ್ಲ. ಸಾಕಿದ ಮನೆಯವರ ಮೇಲೆ ಒಮ್ಮೆಲೇ ಏರಿಹೋದರೆ ಮಗುವಿಗೆ ಹೊಡೆತ ಬೀಳುತ್ತದೆ, ಇಲ್ಲವೇ ಮಗು ಕಾಣೆಯಾಗುತ್ತದೆ. ಮೊದಲು ಮನೆಗೆ ಹೋಗಿ ಕೂರಬೇಕು, ಆ ಮನೆಯ ಹೆಂಗಸನ್ನು ‘ಮಾತಾಂತ್’, ಅಂದರೆ ಚಿಕ್ಕಮ್ಮ ಎಂದು ಕರೆದು ಮಾತಾಡಿಸಬೇಕು, ಶಾಲೆಯ ಊಟಕ್ಕೆ ಕರೆಯಬೇಕು. ಜೊತೆಗೇ ಹೆತ್ತ ಊರನ್ನು ಮೆಲ್ಲಗೆ ಹುಡುಕಬೇಕು. ಹೊಡೆತದ ಗುರುತು ಕಂಡರೆ ಮಾತ್ರ ಕಾಯದೆ ಸರ್ಕಾರದ ಮಕ್ಕಳ ಕಲ್ಯಾಣ ಸಂಸ್ಥೆಗೆ ತಿಳಿಸಬೇಕು.

ಅನಾಥಾಶ್ರಮ ಕಟ್ಟುವ ಆಸೆಯಿಂದ ಬರುವವರಿಗೆ ನನ್ನದೊಂದು ಬೇಡಿಕೆ: ಕಟ್ಟಬೇಡಿ. ಅಲ್ಲಿರುವ ಹೆಚ್ಚಿನ ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದಾರೆ. ಅನ್ನಕ್ಕೂ ಓದಿಗೂ ಗತಿಯಿಲ್ಲದೆ ಬಿಟ್ಟಿದ್ದಾರೆ, ಅಷ್ಟೇ. ಜನವರಿ 2010ರ ಭೂಕಂಪದ ನಂತರ ಅಮೆರಿಕದ ಹತ್ತು ಮಂದಿ ಮಿಷನ್ನಿನವರು ಕಾಗದಪತ್ರವಿಲ್ಲದೆ 33 ಮಕ್ಕಳನ್ನು ಗಡಿ ದಾಟಿಸಲು ಹೋಗಿ ಸಿಕ್ಕಿಬಿದ್ದರು. ಆ ಮಕ್ಕಳಿಗೆ ಹೆತ್ತವರಿದ್ದರು. ಅದೇ ಹಣದಲ್ಲಿ ಶುಲ್ಕ ಕೊಟ್ಟು, ತಾಯಿಯ ಸಂತೆ ವ್ಯಾಪಾರಕ್ಕೆ ಸ್ವಲ್ಪ ಬಂಡವಾಳ ಕೊಟ್ಟರೆ ಮಗು ತಾಯಿಯ ಮಗ್ಗುಲಲ್ಲೇ ಮಲಗುತ್ತದೆ.

ವಾರದ ಮಟ್ಟಿಗೆ ಬರುವ ತಂಡಗಳಿಗೂ ಕಟ್ಟುಪಾಡು ಬೇಕು. ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಯಾವಾಗಲೂ ಇಬ್ಬರು ದೊಡ್ಡವರು. ಊರಿನ ಹೆಸರಿನೊಂದಿಗೆ ಫೋಟೋ ಹಾಕಬಾರದು. ಮಕ್ಕಳಿಗೆ ಕೈಯಾರೆ ದುಡ್ಡು, ಉಡುಗೊರೆ ಕೊಡಬಾರದು. ಸಮವಸ್ತ್ರ ಪೆಟ್ಟಿಗೆಯಲ್ಲಿ ಹೊತ್ತು ತರಬಾರದು, ಊರಿನ ದರ್ಜಿ ಹೊಲಿಯುತ್ತಾರೆ. ಗೋಡೆಗೆ ಬಣ್ಣ ಬಳಿಯಲು ಊರಲ್ಲಿ ಕೆಲಸವಿಲ್ಲದ ಮೇಸ್ತ್ರಿಗಳಿದ್ದಾರೆ. ತಂಡದವರಿಂದ ಆಗುವ ನಿಜವಾದ ಉಪಕಾರ ಶಿಕ್ಷಕರ ತರಬೇತಿ. ನಮ್ಮಲ್ಲಿ ಅನೇಕ ಶಿಕ್ಷಕರು ಒಂಬತ್ತನೇ ತರಗತಿ ದಾಟಿದವರಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ಮೂರು ಗಂಟೆ ಅವರೊಡನೆ ಕೂತು ಮುಂದಿನ ಪಾಠವನ್ನು ಒಂದು ಸಲ ಆಡಿಸಿ ನೋಡುವುದಕ್ಕಿಂತ ದೊಡ್ಡ ಸಹಾಯ ಇಲ್ಲ.

2019ರ ಕೊನೆಯ ತಿಂಗಳುಗಳಲ್ಲಿ ದೇಶವೇ ಬಂದ್ ಆಯಿತು. ‘ಪೇಯಿ ಲೊಕ್’ ಎಂದು ಅದನ್ನು ಕರೆಯುತ್ತಾರೆ. ಶಾಲೆಗಳಿಗೆ ಬೀಗ ಬಿತ್ತು, ರಸ್ತೆಯಲ್ಲಿ ಟಯರ್ ಉರಿಯಿತು. ಆಗ ಬೇರೆ ದಾರಿಯಿಲ್ಲದೆ ಮಾಡಿದ್ದು ಈಗ ನಮ್ಮ ಕೆಲಸದ ಬೆನ್ನೆಲುಬಾಗಿದೆ. ಹೈಟಿಯ ಹಳ್ಳಿಯಲ್ಲಿ ಒಂದು ಅಂಗಳದ ಸುತ್ತ ನಾಲ್ಕೈದು ಬಂಧುಗಳ ಮನೆಗಳಿರುತ್ತವೆ, ಅದು ‘ಲಾಕು’, ನಮ್ಮ ವಠಾರದ ಹಾಗೆ. ಮುಯ್ಯಾಳು ಕೂಡಿ ಹೊಲ ಅಗೆಯುವ ‘ಕೊಂಬಿಟ್’ ಪದ್ಧತಿಯೂ ಅಲ್ಲೇ ಹುಟ್ಟುವುದು. ನಿಮಿಷಕ್ಕೆ 60 ಪದ ಓದಬಲ್ಲ ಹುಡುಗ ಅಥವಾ ಹುಡುಗಿಯನ್ನು ಪ್ರತಿ ಲಾಕುವಿಗೆ ಒಬ್ಬರಂತೆ ಆರಿಸಿ, ಆರರಿಂದ ಎಂಟು ಮಕ್ಕಳ ಗುಂಪು ಕೊಟ್ಟೆವು. ವಾರಕ್ಕೆ ಮೂರು ಸಂಜೆ, ಮುಕ್ಕಾಲು ಗಂಟೆ. ಎಂಟಕ್ಕಿಂತ ಹೆಚ್ಚಾದರೆ ಹದಿನಾಲ್ಕರ ಹುಡುಗಿಗೆ ಸಂಭಾಳಿಸಲು ಆಗುವುದಿಲ್ಲ, ಅರಚತೊಡಗುತ್ತಾಳೆ. ದೊಡ್ಡವರೊಬ್ಬರು ಅಂಗಳದಲ್ಲಿ ಇರಲೇಬೇಕು. ಕಾಳು ಬಿಡಿಸುತ್ತಲೋ, ಮಗುವಿಗೆ ಜಡೆ ಹಾಕುತ್ತಲೋ ಕೂತಿದ್ದರೆ ಸಾಕು. ಓದು ಬಾರದ ಅಜ್ಜಿಯರು ಹೀಗೆ ಕೂತು ಕೂತು ವಾಕ್ಯ ಕೇಳುತ್ತಾರೆ, ಮಗು ಒಂದು ಪದ ಬಿಟ್ಟರೆ ಹಿಂದಿನ ವಾರದ ನೆನಪಿನಿಂದ ಅವರೇ ತಿದ್ದುತ್ತಾರೆ. ಅವರಲ್ಲಿ ಕೆಲವರು ಈಗ ಸ್ಲೇಟು ಕೇಳುತ್ತಿದ್ದಾರೆ.

ಪ್ರತಿ ಗುಂಪಿಗೂ ಒಂದು ಗೋಣಿಬಟ್ಟೆಯ ಚೀಲ. ಒಳಗೆ ಕ್ರೆಯೋಲ್ ಸತ್ಯವೇದ ಒಂದು, ಸ್ಲೇಟು ನಾಲ್ಕು, ಬಳಪ ಒಂದು ಮುಷ್ಟಿ, ಆ ವಾರದ ಕಥೆಯ ಹಾಳೆ ಆರು, ಬಿಸಿಲಿನಲ್ಲಿ ಚಾರ್ಜ್ ಆಗುವ ದೀಪ ಒಂದು, ಎಲ್ಲವನ್ನೂ ಮಳೆಯಿಂದ ಕಾಯುವ ಪ್ಲಾಸ್ಟಿಕ್ ಚೀಲ ಇನ್ನೊಂದು. ಜೂನ್‌ನಿಂದ ನವೆಂಬರ್ ತನಕ ಚಂಡಮಾರುತದ ಕಾಲ, ಆಗ ಚೀಲ ಮನೆಯ ಅಟ್ಟದಲ್ಲಿ, ಮುಚ್ಚಳವಿರುವ ಬಕೆಟ್ಟಿನಲ್ಲಿ ಇರಬೇಕು. ಶನಿವಾರ ಬೆಳಗ್ಗೆ ಗುಂಪಿನ ಮುಖ್ಯಸ್ಥರು ಚೀಲ ಹೊತ್ತು ಶಾಲೆಗೆ ಬರುತ್ತಾರೆ. ಯಾರು ಬಂದರು, ಯಾರು ಎಲ್ಲಿ ತಡವರಿಸಿದರು, ಮೂರನೇ ಪ್ರಶ್ನೆಗೆ ಯಾರು ಏನೆಂದರು ಎಂದು ಒಬ್ಬೊಬ್ಬರೂ ಹೇಳುತ್ತಾರೆ. ಬಳಪ ತುಂಬಿಸಿ, ಹಾಳೆ ಬದಲಿಸಿ, ಅವರ ಜೊತೆ ಮುಂದಿನ ವಾರದ ಕಥೆಯನ್ನು ಒಂದು ಸಲ ‘ಕ್ರಿಕ್, ಕ್ರಾಕ್’ ಹೇಳಿ ಆಡಿಸಿ, ಹತ್ತು ಗಂಟೆಯ ಊಟ ಬಡಿಸಿ ಕಳಿಸುತ್ತೇವೆ.